ಅಲುಗಾಡದವರ ಚಿತ್ರ

ಮನುಷ್ಯನಿಗೆ ಹವ್ಯಾಸವೊಂದಿರಬೇಕೆಂದು ಹಿರಿಯರು ಹೇಳುವರು. ಆದರೆ ಆ ಹವ್ಯಾಸವು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಯೋಗ್ಯವಾಗಿರಬೇಕೆಂಬ ನಿಬಂಧನೆಯನ್ನು ಅವರು ಬಾಯಿಬಿಟ್ಟು ಹೇಳದೆಯೇ ಅದರ ಬಾಲಕ್ಕೆ ಕಟ್ಟಿರುತ್ತಾರೆ. ಅಂಚೆಚೀಟಿಗಳನ್ನು ಕೂಡಿಹಾಕುವವನು ಜಾಣನೆನಿಸುತ್ತಾನೆ. ಹಕ್ಕಿಗಳ ಬೆನ್ನುಹತ್ತಿ ಕೆರೆಯಂಗಳದಲ್ಲಿ ಬಿಸಿಲು ಕಾಯುವವನು ರಸಿಕನೆನಿಸುತ್ತಾನೆ. ಇಸ್ಪೀಟಾಡುವವನನ್ನು ಕೂಡ ಜನ ಸಂಗಜೀವಿಯೆಂದು ಕ್ಷಮಿಸುತ್ತಾರೆ. ಬೆಳಗಿನ ಚಹಾ ಮುಗಿಸಿ, ಹೆಗಲಿಗೆ ಕ್ಯಾಮೆರಾ ಏರಿಸಿ, ನೆಟ್ಟಗೆ ಸುಡುಗಾಡಿನ ದಾರಿ ಹಿಡಿಯುವವನಿಗೆ ಮಾತ್ರ ಏನೆನ್ನಬೇಕೆಂಬುದು ನಮ್ಮ ಹುಲಿಹೈದರದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನಾನು ನಿಧಿ ಹುಡುಕುತ್ತಿರುವೆನೆಂದು ಒಂದು ಪಕ್ಷ. ಸರ್ಕಾರ ಅಲ್ಲಿ ರಸ್ತೆ ಹಾಯಿಸುವುದಕ್ಕಾಗಿ ಗುಟ್ಟಾಗಿ ಅಳತೆ ಮಾಡಿಸುತ್ತಿದೆಯೆಂದು ಇನ್ನೊಂದು ಪಕ್ಷ. ಇವೆರಡಕ್ಕೂ ಸೇರದ ದಯಾಳುಗಳು, "ಪಾಪ, ಮಾಸ್ತರು ರಿಟೈರ್ ಆದ ಮ್ಯಾಲ ಹಿಂಗಾಗ್ಯಾರ" ಎಂದು ಸ್ವರ ತಗ್ಗಿಸಿ ನನಗೆ ಕೇಳಿಸುವಂತೆಯೇ ಆಡಿಕೊಳ್ಳುವುದುಂಟು.

ನನ್ನ ಈ ಒಲವಿಗೆ ವೈರಾಗ್ಯವಾಗಲಿ ವೇದಾಂತವಾಗಲಿ ಕಾರಣವೆಂದು ವಾಚಕರು ಭಾವಿಸಬಾರದು. ಕಾರಣ ಶುದ್ಧ ವ್ಯಾವಹಾರಿಕವಾದುದು. ಜೀವಂತ ಮನುಷ್ಯರ ಚಿತ್ರ ತೆಗೆಯುವಷ್ಟು ಕೃತಘ್ನವಾದ ಉದ್ಯೋಗ ಮತ್ತೊಂದಿಲ್ಲ. ಮದುವೆಯ ಮನೆಯಲ್ಲಿ ಬೀಗರನ್ನು ಸಾಲಾಗಿ ನಿಲ್ಲಿಸಿದರೆ, ಒಬ್ಬರು ಕಣ್ಣು ಮುಚ್ಚುವರು, ಒಬ್ಬರು ಮುನಿಸಿಕೊಂಡು ಮುಖ ತಿರುಗಿಸುವರು, ಮೂರನೆಯವರು ಅದೇ ಕ್ಷಣಕ್ಕೆ ಊಟದ ಪಂಕ್ತಿಯ ನೆನಪಾಗಿ ಮಾಯವಾಗುವರು. ಕೊನೆಗೆ ಚಿತ್ರವನ್ನು ಕೈಗಿತ್ತಾಗ ಹೊಟ್ಟೆ ದಪ್ಪ ಕಂಡರೆ ತಪ್ಪು ಹೊಟ್ಟೆಯದಲ್ಲ, ಕ್ಯಾಮೆರಾದ್ದು. ಗೋರಿಗಳ ಸನ್ನಡತೆಯೇ ಬೇರೆ. ಅವು ಅಲುಗಾಡುವುದಿಲ್ಲ, ತಲೆ ಬಾಚಿಕೊಂಡು ಬರುತ್ತೇನೆಂದು ಒಳಗೆ ಹೋಗುವುದಿಲ್ಲ, ನನಗೊಂದು ಪ್ರತಿ ಕಳಿಸೆಂದು ಪೀಡಿಸುವುದೂ ಇಲ್ಲ. ಎಳೆಬಿಸಿಲು ಓರೆಯಾಗಿ ಬೀಳುವ ತನಕ ಕಾದಿರುವ ವ್ಯವಧಾನ ನನಗಿದ್ದರೆ ಸಾಕು, ನಡುಹಗಲಿನಲ್ಲಿ ಬರಿಗಣ್ಣಿಗೆ ಕಾಣದ ಸವೆದ ಅಕ್ಷರಗಳು ತಮ್ಮ ನೆರಳನ್ನು ತಾವೇ ಚಾಚಿ ಮೇಲೇಳುತ್ತವೆ. ಕಲ್ಲಿನೆದುರು ಹಾಗೆ ಕಾಯುವುದು ನನಗೆ ಸಾಧ್ಯ. ಬೀಗರೆದುರು ಕಾಯುವುದು ನನ್ನಿಂದಾಗದು.

ಈ ಭಾಗದಲ್ಲಿ ಛಾಯಾಗ್ರಹಣ ಮೊದಲಾದದ್ದೂ ಹೀಗೆಯೇ ಎಂಬುದು ನನಗೆ ಬಹಳ ಸಮಾಧಾನ ಕೊಡುವ ಸಂಗತಿ. ತುಂಗಭದ್ರೆಯ ದಡದ ಹಂಪಿಯನ್ನು ೧೮೫೬ರಲ್ಲಿ ಚಿತ್ರಿಸಿದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯ ಬಳಿ ಇದ್ದದ್ದು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳು. ಬೆಳಕು ಆ ಕಾಗದದ ಮೇಲೆ ಮೂಡುವುದಕ್ಕೆ ಬಹು ಹೊತ್ತು ಬೇಕಾಗಿದ್ದುದರಿಂದ, ಅಷ್ಟು ಹೊತ್ತು ಮಿಸುಕದೆ ನಿಲ್ಲಬಲ್ಲವರು ವಿಜಯನಗರದ ಕಂಬಗಳೇ ಹೊರತು ಪ್ರಜೆಗಳಾಗಿರಲಿಲ್ಲ. ಒಂದು ಶತಮಾನಕ್ಕೂ ಮೇಲೆ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಆ ಹಳೆಯ ಚಿತ್ರಗಳನ್ನು ಹಿಡಿದು ಹಂಪಿಗೆ ಬಂದು, ಗ್ರೀನ್‌ಲಾ ನಿಂತ ಎಡೆಯಲ್ಲಿಯೇ ನಿಂತು ಮರಳಿ ಚಿತ್ರ ತೆಗೆದಾಗ, ಕಂಬಗಳು ಬಹುಮಟ್ಟಿಗೆ ಹೇಳಿದ ಮಾತು ಕೇಳಿಕೊಂಡು ನಿಂತೇ ಇದ್ದವು. ಬೀಗರಿಂದ ಇಂಥ ಸಹಕಾರವನ್ನು ಯಾರಾದರೂ ನಿರೀಕ್ಷಿಸಬಹುದೆ?

ನಮ್ಮ ಸೀಮೆಯಲ್ಲಿ ಸತ್ತವರನ್ನು ಹುಡುಕಿಕೊಂಡು ಊರ ಹೊರಗೆ ಬಹಳ ದೂರ ಹೋಗಬೇಕಾದದ್ದಿಲ್ಲ. ಜೋಳದ ಹೊಲದ ಬದುವಿನಲ್ಲಿ, ಬೇವಿನ ಗಿಡದ ಬುಡದಲ್ಲಿ, ಉತ್ತು ಬಿತ್ತಿದ ಯಜಮಾನನನ್ನು ಅವನ ಹೊಲದಲ್ಲಿಯೇ ಮಣ್ಣು ಮಾಡಿ ಮೇಲೊಂದು ಕಟ್ಟೆ ಕಟ್ಟುವ ಪದ್ಧತಿ ಇಲ್ಲಿನದು. ಎಳ್ಳಮಾಸಿಗೆ ಮನೆಮಂದಿಯೆಲ್ಲ ಬಂಡಿ ಹೂಡಿಕೊಂಡು ಬಂದು ಹೊಲದಲ್ಲಿ ಚರಗ ಚೆಲ್ಲಿ, ಕಟ್ಟೆಗೆ ಎಡೆ ಹಿಡಿದು, ಅದರ ನೆರಳಿನಲ್ಲಿಯೇ ಕುಳಿತು ಕಡುಬು, ಭರ್ತಿ, ಶೇಂಗಾ ಹೋಳಿಗೆಗಳನ್ನು ಮುಗಿಸುವರು. ಅಜ್ಜನ ಮೇಲೆ ಮೊಮ್ಮಕ್ಕಳು ಹತ್ತಿ ಕುಣಿಯುವರು. ಅಜ್ಜ ಬದುಕಿದ್ದಾಗ ಸಹಿಸದಿದ್ದ ಈ ಸಲಿಗೆಯನ್ನು ಈಗ ಸಹಿಸುವನು. ಲಿಂಗವಂತರಲ್ಲಿ ಶಿವಾಧೀನರಾದವರನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಹೂವಿನಲ್ಲಿ ಸಿಂಗರಿಸಿ, ರಾತ್ರಿಯಿಡೀ ಭಜನೆ ಮಾಡುವರಷ್ಟೆ. ಆಗ ಬಂಧುಬಳಗವೆಲ್ಲ ಅಕ್ಕಪಕ್ಕದಲ್ಲಿ ಕುಳಿತು ಫೋಟೋ ತೆಗೆಸಿಕೊಳ್ಳುವುದು ರೂಢಿ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುವುದೆಂದು ಜೀವಮಾನವೆಲ್ಲ ಕ್ಯಾಮೆರಾ ಕಂಡು ಓಡುತ್ತಿದ್ದ ಎಷ್ಟೋ ಹಿರಿಯರ ಒಂದೇ ಒಂದು ಚಿತ್ರ ಈ ಚಿತ್ರವೇ ಆಗಿರುವುದುಂಟು. ಅವರ ಪಾಲಿಗೆ ಆ ನಂಬಿಕೆ ಸುಳ್ಳಾಯಿತೆಂದು ಹೇಳುವಂತೆಯೂ ಇಲ್ಲ.

ಇಂಥ ಹವ್ಯಾಸಕ್ಕೆ ಗೃಹಕೃತ್ಯದಲ್ಲಿ ಒದಗುವ ವಿಘ್ನವನ್ನು ಸ್ವಲ್ಪ ಹೇಳಬೇಕು. ಮಣ್ಣಿಗೆ ಹೋಗಿ ಬಂದವರು ಸ್ನಾನ ಮಾಡದೆ ಹೊಸ್ತಿಲು ದಾಟಬಾರದೆಂಬ ನಿಯಮವನ್ನು ನಮ್ಮ ಮನೆಯಾಕೆ ಯಾವ ವಿನಾಯಿತಿಯೂ ಇಲ್ಲದೆ ನನಗೆ ಅನ್ವಯಿಸಿರುವಳು. "ಹೊರಗ ನಿಂದರ್ರಿ, ನೀರು ಹಾಕ್ತೀನಿ" ಎಂಬ ಆಜ್ಞೆ ಒಳಗಿನಿಂದ ಬರುವುದು. ನಾನು ಬಚ್ಚಲಿನ ಮಗ್ಗುಲಲ್ಲಿ ಅಪರಾಧಿಯಾಗಿ ನಿಲ್ಲುವೆನು. ಇದರಲ್ಲಿ ನನ್ನ ತಕರಾರೇನೂ ಇಲ್ಲ. ತಕರಾರು ಬಂದದ್ದು ಕ್ಯಾಮೆರಾದ ವಿಷಯದಲ್ಲಿ. ನಾನು ಎಲ್ಲಿಗೆ ಹೋಗಿದ್ದೆನೋ ಅದೂ ಅಲ್ಲಿಗೇ ಹೋಗಿತ್ತು, ನನಗಿಂತ ಹತ್ತಿರದಿಂದ ಎಲ್ಲವನ್ನೂ ನೋಡಿತ್ತು, ಆದಕಾರಣ ಅದಕ್ಕೂ ಮೈಲಿಗೆಯುಂಟೆಂಬ ಆಕೆಯ ತರ್ಕದಲ್ಲಿ ಒಂದು ಬಿರುಕನ್ನೂ ಕಾಣಲಾರದೆ, ಕಡೆಗೆ ಆ ಯಂತ್ರದ ಬೆಲೆಯನ್ನು ರೂಪಾಯಿಗಳಲ್ಲಿ ಹೇಳಿದೆನು. ಶಾಸ್ತ್ರವು ಆ ಕೂಡಲೆ ಸಡಿಲವಾಯಿತು. ಈಗ ಚೀಲದ ಮೇಲೆ ಮಾತ್ರ ನಾಲ್ಕು ಹನಿ ಅರಿಸಿನದ ನೀರು ಬೀಳುತ್ತದೆ, ಮಸೂರಕ್ಕೆ ಮಾಫಿ.

ನಮ್ಮ ಕಡೆಯ ಗೋರಿಗಳಲ್ಲೆಲ್ಲ ಹಿರಿಯವು ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲಿವೆ. ಕಲ್ಲುಬಂಡೆಗಳ ನಡುವೆ ಉಸಿರು ಬಿಡುತ್ತ ಹತ್ತಿ ಹೋದರೆ, ಸುಮಾರು ೪೦೦ ಶಿಲಾಗೃಹಗಳ ಒಂದು ಊರೇ ಅಲ್ಲಿ ಎದುರಾಗುವುದು. ಮೂರು ಕಡೆ, ನಾಲ್ಕು ಕಡೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಎಷ್ಟೋ ಕಡೆ ಒಂದು ಗೋಡೆಗೆ ದುಂಡನೆಯ ಕಿಂಡಿ ಕೊರೆದಿದ್ದಾರೆ. ಕೆಲವು ಹತ್ತಡಿಯ ಎತ್ತರದವು. ಕಬ್ಬಿಣದ ಯುಗದ ಜನ ೨,೦೦೦ ವರ್ಷಗಳಿಗೂ ಹಿಂದೆ ಮಾಡಿಟ್ಟದ್ದಿದು. ೨೦೨೧ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಇದರ ಹೆಸರು ಏರಿತು. ಹತ್ತಿರದಲ್ಲಿಯೇ ನಗಾರಿಗುಂಡು ಎಂಬ ಬಂಡೆಯಿದೆ. ಕಲ್ಲಿನಿಂದ ಬಡಿದರೆ ಅದರ ನಾದ ದೂರಕ್ಕೆ ಕೇಳಿಸುವುದು. ಸುತ್ತಲಿನ ಜನ ಈ ಕಲ್ಮನೆಗಳನ್ನು ಮೋರೇರ ಮನೆಗಳೆಂದು ಕರೆಯುವರು. ಕುರಿ ಕಾಯುವ ಹುಡುಗನೊಬ್ಬನನ್ನು, ಆ ಮೋರೇರು ಯಾರಪ್ಪಾ ಎಂದು ಕೇಳಿದೆ.

"ಗೇಣುದ್ದದ ಮಂದಿ ಅಂತ್ರೀ. ಬೆಂಕಿ ಮಳಿ ಬಂತು, ಎಲ್ಲಾರೂ ಸತ್ತುಹೋದ್ರು."

"ಗೇಣುದ್ದದವರಿಗೆ ಹತ್ತಡಿ ಮನಿ ಯಾಕೆ ಬೇಕಾಗಿತ್ತೋ ತಮ್ಮಾ?"

"ನಮ್ಮೂರಾಗ ಮೂರ ಮಂದಿ ಇರಾಕ ಮೂರಂತಸ್ತಿನ ಮನಿ ಕಟ್ಯಾರಲ್ರೀ ಸರ" ಎಂದು ಅವನು ಕುರಿಗಳ ಹಿಂದೆ ನಡೆದನು. ಪುರಾತತ್ತ್ವದಲ್ಲಿ ಇದಕ್ಕಿಂತ ಸಮರ್ಪಕವಾದ ಉತ್ತರ ನನಗೆ ದೊರೆತಿಲ್ಲ.

ನಮ್ಮ ಸೀಮೆಯ ಇಂಥ ಸಮಾಧಿಗಳನ್ನು ಅಗೆದು ಅಳೆದು ಬರೆದ ಮೊದಲಿಗರಲ್ಲಿ ಮೆಡೋಸ್ ಟೇಲರ್ ಒಬ್ಬನು. ನಿಜಾಮನ ಸೇವೆಯಲ್ಲಿದ್ದು ಸುರಪುರದ ಆಡಳಿತ ನೋಡಿಕೊಂಡವನು. ಹಗಲಿಗೆ ರಾಜಕಾರಣ, ಬಿಡುವಿಗೆ ಗೋರಿ, ಅದಕ್ಕೂ ಬಿಡುವಾದರೆ ಕಾದಂಬರಿ. ಅವನು ತನ್ನ ಜೀವನವೃತ್ತಾಂತವನ್ನು ಬರೆದಿಟ್ಟು ೧೮೭೬ರಲ್ಲಿ ಫ್ರಾನ್ಸಿನ ಮೆಂಟನ್ ಎಂಬ ಕಡಲತಡಿಯ ಊರಿನಲ್ಲಿ ತೀರಿಕೊಂಡನು. ಪುಸ್ತಕ ಮರುವರ್ಷ ಅಚ್ಚಾಯಿತು. ನಮ್ಮವರ ಗೋರಿಗಳನ್ನು ಇಷ್ಟು ಆಸ್ಥೆಯಿಂದ ನೋಡಿದವನ ಗೋರಿಯನ್ನು ನಮ್ಮ ಕಡೆಯವರೊಬ್ಬರು ಹೋಗಿ ನೋಡಿ ಬರುವುದು ನ್ಯಾಯವೇ ಸರಿ. ನನ್ನ ಪಿಂಚಣಿ ಮಾತ್ರ ಆ ನ್ಯಾಯಕ್ಕೆ ಒಪ್ಪುತ್ತಿಲ್ಲ.

ಹಿರೇಬೆಣಕಲ್ಲಿನಲ್ಲಿ ತೆಗೆದ ಚಿತ್ರಗಳು ಚೆನ್ನಾಗಿಯೇ ಬಂದಿವೆ. ಆದರೂ ಮನೆಯಲ್ಲಿ ಕುಳಿತು ಅವನ್ನು ನೋಡುವಾಗ ಏನೋ ಒಂದು ಕೊರತೆ ಬಾಧಿಸುವುದು. ಅಷ್ಟು ದೊಡ್ಡ ಚಪ್ಪಡಿಗಳನ್ನು ಸೀಳಿ, ಎತ್ತಿ, ನಿಲ್ಲಿಸಿದವರಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತಿಲ್ಲ. ಅಕ್ಷರ ಬಾರದ ಕಾಲದ ಜನರವರು. ಇದಕ್ಕೆ ಪ್ರತಿಯಾದುದನ್ನು ಕಾಣಬೇಕಾದರೆ ಕೊಪ್ಪಳಕ್ಕೆ ಹೋಗಬೇಕು. ಕೊಪಣವೆಂದು ಹೆಸರಾದ ಆ ಜೈನತೀರ್ಥದಲ್ಲಿ, ಪಾಲ್ಕಿಗುಂಡಿನ ಬೆಟ್ಟದ ಮೇಲೆ, ಸಂಸ್ಕೃತದ ವರಾಂಗಚರಿತವನ್ನು ರಚಿಸಿದ ಜಟಾಸಿಂಹನಂದಿ ಆಚಾರ್ಯರ ಸ್ಮಾರಕವಿದೆ. ಗುಮ್ಮಟವಿಲ್ಲ, ಮಂಟಪವಿಲ್ಲ, ಬಂಡೆಯಲ್ಲಿ ಕೊರೆದ ಎರಡು ಪಾದಗಳು, ಮತ್ತು ಈ ಪಾದಗಳನ್ನು ಮಾಡಿಸಿದವನು ಚಾವಯ್ಯನೆಂದು ತಿಳಿಸುವ ಹಳಗನ್ನಡದ ಒಂದು ವಾಕ್ಯ, ಇಷ್ಟೆ. ಆಚಾರ್ಯರ ಮುಖ ಹೇಗಿತ್ತೆಂದು ಯಾರೂ ಕಂಡಿಲ್ಲ. ಚಾವಯ್ಯ ಯಾರ ಮಗ, ಯಾವ ವ್ಯಾಪಾರ ಮಾಡುತ್ತಿದ್ದ, ಎಷ್ಟು ಖರ್ಚು ಮಾಡಿದ, ಒಂದೂ ಅಲ್ಲಿಲ್ಲ. ಇಂದಿನ ಶ್ರದ್ಧಾಂಜಲಿಯ ಬ್ಯಾನರುಗಳಲ್ಲಿ ಸತ್ತವರ ಒಂದು ಮುಖವೂ ಶೋಕಿಸುವವರ ಮೂವತ್ತು ಮುಖಗಳೂ ಇದ್ದು, ಮೊದಲ ಮಳೆಗೆ ಅಷ್ಟೂ ಮುಖಗಳು ಒಟ್ಟಿಗೇ ಅಳಿಸುವುದನ್ನು ಕಂಡಾಗ, ಚಾವಯ್ಯನ ಮಿತವ್ಯಯಕ್ಕೆ ಕೈಮುಗಿಯಬೇಕೆನಿಸುವುದು.

ಒಂದು ಹೆಸರಿನ ಬೆಲೆಯನ್ನು ತಿಳಿಯಲು ಇನ್ನಷ್ಟು ಸಾಕ್ಷಿ ಬೇಕಾದರೆ ಅದೂ ನಮ್ಮ ನೆರೆಯಲ್ಲಿಯೇ ಇದೆ. ಇದೇ ಪಾಲ್ಕಿಗುಂಡಿನಲ್ಲಿಯೂ ಗವಿಮಠದ ಬೆಟ್ಟದಲ್ಲಿಯೂ ೧೯೩೧ರಲ್ಲಿ ದೊರೆತ ಶಾಸನಗಳನ್ನು ಬರೆಸಿದ ದೊರೆ ತನ್ನನ್ನು ದೇವಾನಾಂಪ್ರಿಯನೆಂದು ಕರೆದುಕೊಂಡು ಸುಮ್ಮನಾಗಿರುವನು. ಆ ಬಿರುದಿನ ಹಿಂದಿರುವವನು ಅಶೋಕನೇ ಎಂಬುದನ್ನು ಖಚಿತಗೊಳಿಸಿದ್ದು ೧೯೧೫ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನ. ಅದರಲ್ಲಿ ಬಿರುದಿನ ಜೊತೆಗೆ ಹೆಸರೂ ಇತ್ತು. ಅದನ್ನು ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು. ಚಿನ್ನ ಹುಡುಕಹೋದವನಿಗೆ ಹೆಸರೊಂದು ಸಿಕ್ಕಿತು, ಮತ್ತು ಚಿನ್ನಕ್ಕಿಂತ ಅದೇ ಹೆಚ್ಚು ಬೆಲೆಯದಾಯಿತು. ನನ್ನನ್ನು ನಿಧಿಗಳ್ಳನೆಂದು ಶಂಕಿಸುವ ಊರವರಿಗೆ ನಾನು ಈ ದೃಷ್ಟಾಂತವನ್ನು ಹೇಳಿ ನೋಡಿದ್ದೇನೆ. ಅವರ ಶಂಕೆ ಅದರಿಂದ ಬಲವಾಯಿತೇ ಹೊರತು ಕುಂದಲಿಲ್ಲ.

ಇನ್ನು ನನ್ನ ದಿನಚರಿಯ ವಿಚಾರ. ಪ್ರತಿ ಹೊಸವರ್ಷಕ್ಕೆ ಗೊಬ್ಬರದ ಅಂಗಡಿಯವರು ಕೊಡುವ ಡೈರಿಯಲ್ಲಿ, ರಾಹುಕಾಲ ಗುಳಿಕಕಾಲಗಳ ಕೆಳಗೆ ಉಳಿದಿರುವ ಜಾಗದಲ್ಲಿ, ಆಯಾ ದಿನ ಕಂಡ ಗೋರಿಯನ್ನೂ ಅದರಿಂದ ಹುಟ್ಟಿದ ಚಿಂತನೆಯನ್ನೂ ಬರೆದಿಡುವ ಅಭ್ಯಾಸ ನನ್ನದು. ಜಗತ್ತಿನ ಅನಿತ್ಯತೆಯ ಮೇಲೆ ನಾನು ಬರೆದಿರುವ ಪುಟಗಳು ಗುಣದಲ್ಲಿ ಹೇಗೋ ಏನೋ, ಪರಿಮಾಣದಲ್ಲಿ ಯಾರಿಗೂ ಕಡಿಮೆಯಿಲ್ಲ. ಅದೇ ಪುಟಗಳ ಅಂಚಿನಲ್ಲಿ ಮನೆಯಾಕೆ ಹಾಲಿನ ಲೆಕ್ಕ ಬರೆಯುವಳು. ಅನಿತ್ಯತೆಯ ಬದಿಯಲ್ಲಿ "ಹಾಲು ಒಂದು ಲೀಟರ್" ಎಂದು ಕಂಡಾಗ ನನಗೆ ಮೊದಮೊದಲು ಅಸಮಾಧಾನವಾಗುತ್ತಿದ್ದುದುಂಟು.

ಈಚೆಗೆ, ನಮಗೆ ಹಾಲು ಹಾಕುವ ಗೌಳಿಯು ತನ್ನ ತಾಯಿಯ ಗೋರಿಗೆ ಕಲ್ಲು ಹಾಕಿಸಬೇಕೆಂದು ಹೊರಟಾಗ, ಆಕೆ ತೀರಿದ ತಾರೀಖು ಮನೆಯಲ್ಲಿ ಒಬ್ಬೊಬ್ಬರ ಬಾಯಲ್ಲಿ ಒಂದೊಂದಾಯಿತು. "ಮಾಸ್ತರ, ನೀವು ದಿನಾ ಬರದಿಡ್ತೀರಂತಲ್ರೀ, ಒಂಚೂರು ನೋಡ್ರಿ" ಎಂದು ಅವನು ಬಂದು ಕಟ್ಟೆಯ ಮೇಲೆ ಕುಳಿತನು. ನಾನು ಆ ವರ್ಷದ ಡೈರಿಯನ್ನು ಹೊರತಂದು ಹಾಳೆ ತಿರುವಿದೆ. ನನ್ನ ಕೈಬರಹದಲ್ಲಿ ಮೃತ್ಯುವಿನ ಸ್ವರೂಪದ ಬಗ್ಗೆ ಬೇಕಾದಷ್ಟಿತ್ತು. ಮೃತಳಾದ ಆ ಮುದುಕಿಯ ಬಗ್ಗೆ ಏನೂ ಇರಲಿಲ್ಲ. ಕೊನೆಗೆ ಒಂದು ಪುಟದ ಅಂಚಿನಲ್ಲಿ ಮನೆಯಾಕೆಯ ಗುಂಡನೆಯ ಅಕ್ಷರಗಳು ಕಂಡವು: ಇವತ್ತು ಹಾಲಿಲ್ಲ, ಗೌಳೇರ ಯವ್ವ ಹೋದಳು. ಕಲ್ಲುಕುಟಿಗನು ಆ ತಾರೀಖನ್ನೇ ಕಲ್ಲಿನ ಮೇಲೆ ಕೆತ್ತಿದನು. ಮನೆಯಾಕೆ ಈ ವಿಷಯದಲ್ಲಿ ಏನೂ ಮಾತಾಡಲಿಲ್ಲ. ಮಾತಾಡಬೇಕಾದ ಅವಶ್ಯಕತೆಯೂ ಇರಲಿಲ್ಲ. ಚಾವಯ್ಯನ ಸಂಪ್ರದಾಯ ನಮ್ಮ ಮನೆಯಲ್ಲಿ ಯಾರಿಗೆ ಬಂದಿದೆಯೆಂಬುದು ಅಂದು ಇತ್ಯರ್ಥವಾಯಿತು.

ಅಂದಿನಿಂದ ನಾನು ಚಿತ್ರಗಳಿಗಿಂತ ಚಿತ್ರಗಳ ಬೆನ್ನನ್ನು ಹೆಚ್ಚು ಪರೀಕ್ಷಿಸುತ್ತಿರುವೆನು. ಯಾರ ಮನೆಗೆ ಹೋದರೂ ಪಡಸಾಲೆಯ ಗೋಡೆಯ ಮೇಲೆ ಕಟ್ಟುಹಾಕಿಸಿದ ಹಳೆಯ ಫೋಟೋಗಳಿರುತ್ತವೆ. ಕುರ್ಚಿಯಲ್ಲಿ ಕುಳಿತ ರುಮಾಲಿನ ಗೃಹಸ್ಥ, ಪಕ್ಕದಲ್ಲಿ ನಿಂತ ಇಳಕಲ್ಲ ಸೀರೆಯ ಹೆಂಗಸು, ಕಾಲಬಳಿ ಕಾಡಿಗೆ ಹಚ್ಚಿಸಿಕೊಂಡ ಕೂಸು. ಇವರು ಯಾರೆಂದು ಕೇಳಿದರೆ, "ಯಾರೋ ನಮ್ಮ ಹಿರ್ಯಾರು" ಎಂಬ ಉತ್ತರ ಬರುವುದು. ಬೆನ್ನು ತಿರುವಿ ನೋಡಿದರೆ ಖಾಲಿ ರಟ್ಟು. ನೂರು ವರ್ಷವಾದರೂ ತುಂಬಿರದ ಈ ಗೃಹಸ್ಥರು ಆಗಲೇ ಮೋರೇರ ಕುಲಕ್ಕೆ ಸೇರಿಹೋಗಿದ್ದಾರೆ. ಈಗಿನವರ ಮೊಬೈಲಿನಲ್ಲಿರುವ ಸಾವಿರಾರು ಚಿತ್ರಗಳಿಗಂತೂ ತಿರುವಿ ನೋಡಲು ಬೆನ್ನೇ ಇಲ್ಲ.

ಆದುದರಿಂದ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ನನ್ನಂತೆ ಸುಡುಗಾಡು ಸುತ್ತಿರೆಂದು ನಾನು ಯಾರಿಗೂ ಬೋಧಿಸುವುದಿಲ್ಲ. ಬಚ್ಚಲಿನ ನೀರು ಚಳಿಗಾಲದಲ್ಲಿ ಬಹಳ ತಣ್ಣಗಿರುತ್ತದೆ. ನಿಮ್ಮ ಮನೆಯ ಗೋಡೆಯ ಮೇಲಿರುವ ಫೋಟೋಗಳನ್ನು ಒಂದು ದಿನ ಕೆಳಗಿಳಿಸಿ, ಧೂಳು ಕೊಡವಿ, ಗುರುತು ಹೇಳಬಲ್ಲ ಅಜ್ಜಿಯೋ ಅತ್ತೆಯೋ ಇನ್ನೂ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದರ ಹಿಂದೆಯೂ ಹೆಸರು, ಊರು, ಇಸವಿಗಳನ್ನು ಬರೆದಿಡಿರಿ. ಪೆನ್ಸಿಲಿನಿಂದ ಬರೆಯಿರಿ, ಶಾಯಿ ಮುಂಭಾಗಕ್ಕೆ ಇಳಿಯುವುದುಂಟು. ಒಂದೇ ಸಾಲು ಸಾಕು.