ಶೀಟ್ ಫಿಲಂ ಟ್ಯಾಂಕ್ ಮೀಮಾಂಸೆ: ಒಂದು ಬಚ್ಚಲುಮನೆ ಭಾಷ್ಯ

ಯಾವ ಶಾಸ್ತ್ರಕ್ಕೇ ಆಗಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಈ ಶಾಸ್ತ್ರದ ವಿಷಯ: 4x5 ಇಂಚಿನ ಬಿಡಿ ಫಿಲಮ್ಮನ್ನು ಮನೆಯಲ್ಲೇ ತೊಳೆಯಲು ಬೇಕಾದ ಟ್ಯಾಂಕು. ಪ್ರಯೋಜನ: ನೆಗೆಟಿವ್. ಸಂಬಂಧ: ಮನೆಯವರೊಂದಿಗೆ ಈಗ ಇರುವುದು, ತೊಳೆದ ಮೇಲೂ ಉಳಿಯಬೇಕಾದದ್ದು. ಇನ್ನು ಅಧಿಕಾರಿ ಯಾರೆಂದರೆ, ಜೇಬಿನಲ್ಲಿ ಒಳ್ಳೆಯ ಮೊಬೈಲು ಇದ್ದರೂ ಮರದ ಕ್ಯಾಮೆರಾ, ಸ್ಟ್ಯಾಂಡು, ಕರಿಬಟ್ಟೆ ಹೊತ್ತು ನಂದಿಬೆಟ್ಟ ಹತ್ತಿ, ಎರಡೇ ಎರಡು ಚಿತ್ರ ತೆಗೆದು ಇಳಿಯುವ ಸಾಧಕ. ಎರಡೇ ಯಾಕೆಂದರೆ ಒಂದು ಹೋಲ್ಡರಿನ ಎರಡು ಮುಖಕ್ಕೆ ಹಿಡಿಸುವುದು ಎರಡೇ ಶೀಟು. ವೈರಾಗ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೊದಲು ಪ್ರಮಾಣ ವಿಚಾರ. ಪ್ಯಾನ್‌ಕ್ರೊಮ್ಯಾಟಿಕ್ ಫಿಲಂ ಕೆಂಪು ಬೆಳಕನ್ನೂ ಬಿಡದೆ ಹಿಡಿದುಕೊಳ್ಳುವುದರಿಂದ ಡಾರ್ಕ್‌ರೂಮಿನ ಕೆಂಪು ದೀಪ ಇಲ್ಲಿ ನಿಷಿದ್ಧ. ಹಾಗಾಗಿ ಪ್ರತ್ಯಕ್ಷ ಪ್ರಮಾಣ ಹೊಸ್ತಿಲಲ್ಲೇ ಬಿದ್ದುಹೋಯಿತು. ಉಳಿದದ್ದು ಬೆರಳು. ಶೀಟಿನ ಒಂದು ಮೂಲೆಯಲ್ಲಿ ಕಾರ್ಖಾನೆಯವರು ಸಣ್ಣ ಕಚ್ಚುಗಳನ್ನು ಕೊರೆದಿರುತ್ತಾರೆ. ಶೀಟನ್ನು ಉದ್ದಕ್ಕೆ ಹಿಡಿದಾಗ ಕಚ್ಚು ಮೇಲುಗಡೆ ಬಲಮೂಲೆಗೆ ಸಿಕ್ಕರೆ ಎಮಲ್ಷನ್ ನಮ್ಮ ಕಡೆಗಿದೆ ಎಂದರ್ಥ. ಇಡೀ ಶಾಸ್ತ್ರದಲ್ಲಿ ಎಲ್ಲ ಮತದವರೂ ಒಪ್ಪುವ ಮಾತು ಇದೊಂದೇ.

ಈಗ ಮತಗಳು. ಟ್ರೇ ಪಂಥದವರನ್ನು ಅದ್ವೈತಿಗಳೆನ್ನಬಹುದು. ಡೆವಲಪರ್, ಸ್ಟಾಪ್ ಬಾತ್, ಹೈಪೋ ಎಂದು ಮೂರು ಟ್ರೇ ಸಾಲಾಗಿಟ್ಟು, ಕಗ್ಗತ್ತಲಲ್ಲಿ ಐದಾರು ಶೀಟುಗಳನ್ನು ಇಸ್ಪೀಟು ಕಲೆಸಿದ ಹಾಗೆ ಅಡಿಯದು ಮೇಲಕ್ಕೆ, ಮೇಲಿನದು ಅಡಿಗೆ ಮಾಡುತ್ತಿರುವುದು ಇವರ ಸಾಧನೆ. ಖರ್ಚು ಅತಿ ಕಡಿಮೆ. ಆದರೆ ಮೊದಲೇ ಒಂದೊಂದನ್ನೂ ಬರೀ ನೀರಿನಲ್ಲಿ ನೆನೆಸಿಕೊಳ್ಳದಿದ್ದರೆ ಎರಡು ಶೀಟು ಒಂದಾಗುತ್ತವೆ. ಆ ಐಕ್ಯ ಎಷ್ಟು ಪಾರಮಾರ್ಥಿಕವೆಂದರೆ, ಬಿಡಿಸಲು ಹೋದರೆ ಎಮಲ್ಷನ್ನೇ ಕಿತ್ತುಬರುತ್ತದೆ. ಒಂದರ ಮೂಲೆ ಇನ್ನೊಂದರ ಮೈಗೆ ಗೀರುವುದು ಇವರ ಪಾಲಿಗೆ ಬರೀ ವ್ಯಾವಹಾರಿಕ ದುಃಖ.

ಹ್ಯಾಂಗರ್ ಪಂಥದವರು ಕಟ್ಟಾ ದ್ವೈತಿಗಳು. ಪ್ರತಿ ಶೀಟಿಗೂ ಬೇರೆ ಸ್ಟೀಲ್ ಚೌಕಟ್ಟು; ಶೀಟಿಗೂ ಶೀಟಿಗೂ ಭೇದ ನಿತ್ಯ, ಸತ್ಯ. ಚೌಕಟ್ಟುಗಳನ್ನು ಒಟ್ಟಿಗೆ ಹಿಡಿದು ಆಳವಾದ ಟ್ಯಾಂಕಿನಲ್ಲಿ ಮುಳುಗಿಸುವುದು, ಎತ್ತುವುದು, ಓರೆ ಮಾಡುವುದು. ಉತ್ಸಾಹ ಹೆಚ್ಚಾದರೆ ಚೌಕಟ್ಟಿನ ತೂತುಗಳಿಂದ ಡೆವಲಪರ್ ರಭಸವಾಗಿ ನುಗ್ಗಿ ಅಂಚುಗಳು ಅತಿಯಾಗಿ ಬೆಳೆಯುತ್ತವೆ. ಚಿತ್ರದಲ್ಲಿ ಆಕಾಶವಿದ್ದರಂತೂ ಪಾಪ ಮುಚ್ಚಿಡುವಂತಿಲ್ಲ. ಹಳೆಯ ಅರ್ಧ ಗ್ಯಾಲನ್ ಟ್ಯಾಂಕಿಗೆ ಸುಮಾರು 1.9 ಲೀಟರ್ ದ್ರಾವಣ ಬೇಕು, ಅಂಥವು ಮೂರು. ತಿಂಗಳಿಗೆ ನಾಲ್ಕು ಶೀಟು ತೊಳೆಯುವವನಿಗೆ ಇದು ಅತಿರೇಕ ಎಂಬುದು ಭಾಷ್ಯಕಾರನ ಸ್ವಂತ ಅಭಿಪ್ರಾಯ.

ಮೂರನೆಯವರು ವಿಶಿಷ್ಟಾದ್ವೈತಿಗಳು: ಶೀಟುಗಳು ಬೇರೆಬೇರೆ, ಆದರೂ ಎಲ್ಲವೂ ಒಂದೇ ಟ್ಯಾಂಕಿನ ಶರೀರ. ಕತ್ತಲಲ್ಲಿ ತುಂಬಿ ಮುಚ್ಚಳ ಹಾಕಿದರೆ ಮುಂದಿನದೆಲ್ಲ ಬೆಳಕಿನಲ್ಲೇ. ಪ್ಯಾಟರ್‌ಸನ್ನಿನ ಮೂರು ರೀಲಿನ ಟ್ಯಾಂಕಿಗೆ ಮಾಡ್54 ಎಂಬ ಗೂಡನ್ನು ಕೂರಿಸಿದರೆ 6 ಶೀಟು, 1 ಲೀಟರ್. ಎಸ್‌ಪಿ-445 ಎಂಬ ಚಪ್ಪಟೆ ಡಬ್ಬಿಗೆ 4 ಶೀಟು, 475 ಮಿಲಿ. ಮೊದಲನೆಯದರಲ್ಲಿ ಮಧ್ಯದ ಕೊಳವೆ ಹಾಕಲು ಮರೆತವನಿಗೆ ಮೋಕ್ಷವಿಲ್ಲ. ಬೆಳಕನ್ನು ತಡೆಯುವುದೇ ಅದು. ಆವೇಶದಿಂದ ಕುಲುಕಿದರೆ ಶೀಟು ಗೂಡಿನಿಂದ ಜಾರಿ ನೆರೆಮನೆಗೆ ಹೋಗುವುದೂ ಉಂಟು. ಇದೇ ಮತದ ಶ್ರೀಮಂತ ಶಾಖೆ ಜೋಬೋದವರದು: 3010 ಎಂಬ ಡ್ರಮ್ಮಿನಲ್ಲಿ 10 ಶೀಟು. ಅದನ್ನು ಅಡ್ಡ ಮಲಗಿಸಿ ಯಂತ್ರ ಉರುಳಿಸುತ್ತಿರುತ್ತದೆ. ದ್ರಾವಣ ಕಡಿಮೆ, ದುಡ್ಡು ಜಾಸ್ತಿ.

ಚಾರ್ವಾಕರನ್ನು ಬಿಟ್ಟರೆ ದರ್ಶನ ಪೂರ್ತಿಯಾಗದು. ಅವರ ವಾದ: ಟ್ಯಾಂಕಿಗೆಂದು ಹಣ ಯಾಕೆ? ಎಮಲ್ಷನ್ ಒಳಗಾಗುವಂತೆ ಶೀಟನ್ನು ಬಾಗಿಸಿ, ಜಡೆಗೆ ಹಾಕುವ ರಬ್ಬರ್ ಬ್ಯಾಂಡು ಬಿಗಿದು, ಇರುವ ರೋಲ್ ಫಿಲಂ ಟ್ಯಾಂಕಿನಲ್ಲೇ ನಿಲ್ಲಿಸಿ. ಬ್ಯಾಂಡು ತಾಗಿದ ಕಡೆ ಹಿಂಬದಿಯ ಬಣ್ಣ ಉಳಿಯುತ್ತದೆ, ಆಮೇಲೆ ನೀರಿನಲ್ಲಿ ತೊಳೆದರೆ ಹೋಗುತ್ತದೆ. ಖಂಡಿಸಲು ಎಲ್ಲ ಮತದವರೂ ಯತ್ನಿಸಿದ್ದಾರೆ. ನೆಗೆಟಿವ್ ಮಾತ್ರ ಚೆನ್ನಾಗಿಯೇ ಬರುತ್ತದೆ. ಆದರೆ ಎಕ್ಸ್-ರೇ ಫಿಲಮ್ಮಿಗೆ ಈ ಉಪಾಯ ಸಲ್ಲದು. ಹಿಂದೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲಮ್ಸ್ ‘ಇಂದು’ ಹೆಸರಿನಲ್ಲಿ ಮಾಡುತ್ತಿದ್ದ ಆ ಜಾತಿಯ ಫಿಲಂ ಅಗ್ಗ, ಕೆಂಪು ದೀಪಕ್ಕೂ ಜಗ್ಗದು ಎಂದು ಹವ್ಯಾಸಿಗಳು ಅದರ ಹಿಂದೆ ಬೀಳುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಎರಡೂ ಬದಿ ಎಮಲ್ಷನ್; ಎಲ್ಲಿ ಮುಟ್ಟಿದರೂ ಗೀರು.

ಇಲ್ಲೊಂದು ಆಕ್ಷೇಪ. ಆ್ಯನ್ಸೆಲ್ ಆ್ಯಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ರೂಪಿಸಿದ ಝೋನ್ ಸಿಸ್ಟಂ ಪ್ರಕಾರ, ದೃಶ್ಯದ ಬೆಳಕುನೆರಳಿನ ಅಂತರ ನೋಡಿ ಒಂದೊಂದು ಶೀಟನ್ನೂ ಒಂದೊಂದು ಕಾಲ ತೊಳೆಯಬೇಕು. ಬಿಡಿ ಫಿಲಂ ಬಳಸುವುದೇ ಅದಕ್ಕೆ. ಆರನ್ನೂ ಒಂದೇ ಟ್ಯಾಂಕಿಗೆ ತುಂಬಿದರೆ ಆ ಸ್ವಾತಂತ್ರ್ಯ ಎಲ್ಲಿ? ಸಮಾಧಾನ: ಬೇಕಾದವರು ಶೀಟಿಗೊಂದು ಕೊಳವೆ ಇಟ್ಟುಕೊಂಡು ನೀರಿನಲ್ಲಿ ಉರುಳಿಸಲಿ, ಅಂಥ ಕೊಳವೆಗಳೂ ಇವೆ. ಬೇಡದವರು ಒಂದೇ ತರಹದ ಬಿಸಿಲಿನ ಚಿತ್ರಗಳನ್ನು ಒಟ್ಟುಗೂಡಿಸಿ ತೊಳೆಯಲಿ. ಲೆಕ್ಕಕ್ಕೆ ಒಂದು ಮಾತು: 4x5 ಇಂಚಿನ ನಾಲ್ಕು ಶೀಟೆಂದರೆ 80 ಚದರ ಇಂಚು, ಹೆಚ್ಚುಕಡಿಮೆ ಒಂದು ರೋಲು. ಟ್ಯಾಂಕಿನಲ್ಲಿ ಡೆವಲಪರ್ ಶೀಟನ್ನು ಮುಳುಗಿಸುವಷ್ಟಿದ್ದರೆ ಸಾಲದು, ಅಷ್ಟು ಎಮಲ್ಷನ್ನಿಗೆ ಸಾಕಾಗುವಷ್ಟು ಸತ್ವವೂ ಅದರಲ್ಲಿರಬೇಕು.

ಎರಡನೆಯ ಆಕ್ಷೇಪ ಬೆಂಗಳೂರಿನ ಏಪ್ರಿಲ್ ತಿಂಗಳದು. ಎಚ್‌ಪಿ5 ಪ್ಲಸ್ ಫಿಲಮ್ಮಿಗೆ ಐಡಿ-11 ಡೆವಲಪರಿನಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ ಎಂಬುದು ಇಲ್‌ಫೋರ್ಡಿನವರ ವಿಧಿ. ಮಾಳಿಗೆಯ ಸಿಂಟೆಕ್ಸಿನಿಂದ ಬರುವ ನೀರಿಗೆ ಈ ವಿಧಿ ಗೊತ್ತಿಲ್ಲ. ನೀರು ಬಿಸಿಯಾದಷ್ಟೂ ಕಾಲ ಕುಗ್ಗುತ್ತದೆ. ಐದು ನಿಮಿಷಕ್ಕಿಂತ ಕೆಳಗಿಳಿದರೆ ಫಿಲಂ ಸಮನಾಗಿ ಬೆಳೆಯುವ ಭರವಸೆಯಿಲ್ಲ. ಪರಿಹಾರ, ಅಷ್ಟೇ ನೀರು ಬೆರೆಸಿ ಅರ್ಧ ಸಾಂದ್ರತೆಗೆ ತರುವುದು. ಆಗ 20 ಡಿಗ್ರಿಗೆ 13 ನಿಮಿಷವಾಗುವುದರಿಂದ, ಬಿಸಿ ಎಷ್ಟೋ ತಿಂದರೂ ಐದಕ್ಕಿಂತ ಹೆಚ್ಚೇ ಉಳಿಯುತ್ತದೆ.

ಈ 13 ನಿಮಿಷದಲ್ಲೇ ಸಿದ್ಧಾಂತ ಅಡಗಿದೆ. ಇದುವರೆಗಿನ ಆಚಾರ್ಯರೆಲ್ಲ ದ್ರಾವಣ, ಹರಿವು, ಗೀರು ಎಂದು ಚರ್ಚಿಸಿದರೇ ಹೊರತು ಬಾಗಿಲಿನ ವಿಚಾರಕ್ಕೆ ಬರಲಿಲ್ಲ. ಒಂದೇ ಬಚ್ಚಲಿನ ಮನೆಯಲ್ಲಿ ಟ್ರೇ ಪಂಥದವನು ಶೀಟು ಹೊರತೆಗೆದ ಗಳಿಗೆಯಿಂದ ಹೈಪೋಗೆ ಹಾಕುವವರೆಗೆ ಚಿಲಕ ತೆಗೆಯುವಂತಿಲ್ಲ. ಹ್ಯಾಂಗರಿನವನ ಗತಿಯೂ ಅದೇ. ಅಷ್ಟರಲ್ಲಿ ಮೊದಲು ಮಗ, ಆಮೇಲೆ ಮಾವ ಬಂದು ಬಾಗಿಲು ಬಡಿಯುತ್ತಾರೆ. ಮಾವನವರಿಗೆ ಪ್ಯಾನ್‌ಕ್ರೊಮ್ಯಾಟಿಕ್ ಎಂದರೇನೆಂದು ವಿವರಿಸುವ ಸಮಯ ಅದಲ್ಲ. ಮುಚ್ಚಳದ ಟ್ಯಾಂಕಿನವನು ಚೇಂಜಿಂಗ್ ಬ್ಯಾಗಿನಲ್ಲಿ ಕೈ ತೂರಿಸಿ ಹಾಲಿನಲ್ಲೇ ಶೀಟು ತುಂಬಿಕೊಂಡು, ಅಡುಗೆಮನೆಯ ಸಿಂಕಿನ ಬಳಿ ಗಡಿಯಾರ ನೋಡುತ್ತ ನಿಲ್ಲಬಹುದು, ಸಿಂಕು ಬಿಟ್ಟುಕೊಟ್ಟರೆ.

ಆದ್ದರಿಂದ ಎರಡು ಬಚ್ಚಲಿದ್ದವರು ಮೂರು ಟ್ರೇ ಕೊಳ್ಳಿ. ಅವಕ್ಕಿಂತ ಅಗ್ಗವಾದ ಗುರು ಇಲ್ಲ. ಒಂದೇ ಬಚ್ಚಲಿನವರಲ್ಲಿ ರೋಲ್ ಫಿಲಮ್ಮನ್ನೂ ತೊಳೆಯುವವರಿಗೆ ಪ್ಯಾಟರ್‌ಸನ್ ಟ್ಯಾಂಕೂ ಮಾಡ್54 ಗೂಡೂ, ಬರೀ ಶೀಟಿನವರಿಗೆ ನಾಲ್ಕು ಶೀಟಿನ ಚಪ್ಪಟೆ ಡಬ್ಬಿ. ಯಾವುದನ್ನೇ ಕೊಂಡರೂ ಹಾಳಾದ ಒಂದು ಶೀಟು ಹಿಡಿದು, ಹಗಲು ಬೆಳಕಿನಲ್ಲಿ ಕಣ್ಣುಮುಚ್ಚಿ ತುಂಬುವುದನ್ನು ಕೈಗೆ ರೂಢಿ ಮಾಡಿಸಿ, ಆಮೇಲೆ ಒಳ್ಳೆಯ ಫಿಲಂ ಡಬ್ಬಿ ಬಿಚ್ಚಿ.