ರಜಾ–ಋಣ ಮೀಮಾಂಸೆ

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಯ ಬಾಗಿಲು ಮುಚ್ಚಿ, ಮನೆಯ ಫ್ರಿಜ್ಜಿನ ಬಾಗಿಲು ತೆರೆದೇ ಇರುವ ಕಾಲವನ್ನು ಕರ್ನಾಟಕದಲ್ಲಿ ಬೇಸಿಗೆ ರಜೆ ಎನ್ನುತ್ತಾರೆ. ತಿಂಗಳ ಐದನೇ ತಾರೀಕು, ಮನೆಯವರು ಏಳುವ ಮೊದಲೇ ಬ್ಯಾಂಕ್ ಖಾತೆಯಿಂದ ಎದ್ದು ಹೋಗುವ ಮೊತ್ತಕ್ಕೆ ಇಎಂಐ ಅಥವಾ ಕಂತು ಎಂದು ಹೆಸರು. ಎರಡೂ ಒಂದೇ ಸೂರಿನಡಿ ಸೇರಿದಾಗ ಏಳುವ ತೊಡಕೇ ಈ ಶಾಸ್ತ್ರದ ವಿಷಯ. ಮಗುವಿಗೆ ರಜೆ ಉಂಟು, ಕಂತಿಗೆ ಇಲ್ಲ ಎಂಬುದು ಮೊದಲ ಸೂತ್ರ.

ಸೂತ್ರಕ್ಕೆ ಒಂದು ಅಪವಾದ ದಾಖಲಾಗಿದೆ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು. ಮಕ್ಕಳೂ ಮನೆಯಲ್ಲೇ ಇದ್ದರು. ಆದರೆ ಆ ಬೇಸಿಗೆಯಲ್ಲಿ ಶಿಬಿರದ ಬಯಲುಗಳು ಖಾಲಿ, ಅಜ್ಜಿಯ ಊರಿಗೆ ಬಸ್ಸಿಲ್ಲ, ಬಡ್ಡಿ ಮಾತ್ರ ಎಂದಿನಂತೆ ಬೆಳೆಯುತ್ತಿತ್ತು. ಕಂತಿಗೆ ರಜೆ ಸಿಕ್ಕ ವರ್ಷ ರಜೆಗೇ ರಜೆ ಎಂದು ಪಂಡಿತರು ಇದನ್ನು ಷರಾ ಬರೆದು ಬದಿಗಿಟ್ಟಿದ್ದಾರೆ.

ಪ್ರಾಚೀನರು ಸಾಲವನ್ನು ಹಗುರವಾಗಿ ಕಂಡವರಲ್ಲ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇಂದು ಬಸವಕಲ್ಯಾಣವೆನಿಸಿರುವ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರವು ತಂದೆಯ ಸಾಲವನ್ನು ಮಗ ತೀರಿಸಬೇಕೆಂಬ ನಿಯಮವನ್ನು ವಿವರಿಸುತ್ತದೆ. ಕುಡಿತ, ಜೂಜು, ವೃಥಾದಾನ ಮೊದಲಾದವಕ್ಕೆ ಮಾಡಿದ ಸಾಲಕ್ಕೆ ಮಾತ್ರ ವಿನಾಯಿತಿ. ಆ ಮಗನ ಸ್ಕೇಟಿಂಗ್ ತರಬೇತಿಗೆಂದೇ ಮಾಡಿದ ಸಾಲ ಯಾವ ವರ್ಗಕ್ಕೆ ಸೇರುತ್ತದೆಂಬುದು ಗ್ರಂಥದಲ್ಲಿಲ್ಲ. ಇದು ಕುಟುಂಬದ ಹಿತಕ್ಕಾಗಿ ಮಾಡಿದ ಸಾಲ ಎಂಬುದು ಪಿತೃಪಕ್ಷದ ವಾದ. ತಾನು ಕೇಳಿದ್ದು ಮೊಬೈಲ್, ಕೊಡಿಸಿದ್ದು ಸ್ಕೇಟು, ಆದ್ದರಿಂದ ಇದು ವೃಥಾದಾನ ಎಂಬುದು ಪುತ್ರಪಕ್ಷದ್ದು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ ತಿದ್ದುಪಡಿ, ಮುಂದಿನ ಸಾಲಗಳ ಮಟ್ಟಿಗೆ ಮಗನ ಆ ಧಾರ್ಮಿಕ ಹೊಣೆಯನ್ನೇ ತೆಗೆದುಹಾಕಿ ಪುತ್ರಪಕ್ಷವನ್ನು ಗೆಲ್ಲಿಸಿತು. ಸರ್ವಜ್ಞ ಸಾಲದ ಬಗ್ಗೆ ತ್ರಿಪದಿ ಹೇಳಿದ್ದಾನಾದರೂ ಶಿಬಿರದ ಬಗ್ಗೆ ಮೌನಿ. ಅವನಿಗೆ ಮಕ್ಕಳಿದ್ದಂತೆ ಕಾಣುವುದಿಲ್ಲ.

ಋಣಭೇದಗಳಲ್ಲಿ ರಜೆಗೆ ಅತಿ ಸಮೀಪದ್ದು ಕ್ರೆಡಿಟ್ ಕಾರ್ಡ್. ಶಿಬಿರದ ಶುಲ್ಕ 6,000 ರೂಪಾಯಿಯನ್ನು ಕಾರ್ಡಿನಲ್ಲಿ ಉಜ್ಜಲಾಗಿದೆ, ತಿಂಗಳಿಗೆ ಬಡ್ಡಿ ಶೇ 3.5, ಕನಿಷ್ಠ ಬಾಕಿ ಶೇ 5 ಎಂದಿಟ್ಟುಕೊಳ್ಳಬಹುದು. ಕಟ್ಟಿದ 300 ರೂಪಾಯಿಯಲ್ಲಿ 210 ಬಡ್ಡಿಗೆ ಹೋಗುತ್ತದೆ, ಆ ಬಡ್ಡಿಯ ಮೇಲಿನ ಶೇ 18ರ ಜಿಎಸ್‌ಟಿಗೆ ಸುಮಾರು 38. ಅಸಲಿನಲ್ಲಿ ಇಳಿಯುವುದು 52 ರೂಪಾಯಿ. ಮಗು ಮಡಿಚಿ ತಂದ ಕಾಗದದ ಕೊಕ್ಕರೆ ಮೇ ಮುಗಿಯುವುದರೊಳಗೆ ಸೋಫಾದಡಿ ಸೇರುತ್ತದೆ. ಅದರ ಅಸಲು ಮುಂದಿನ ಬೇಸಿಗೆಯ ಸ್ಟೇಟ್‌ಮೆಂಟಿನಲ್ಲೂ ಹಾರಾಡುತ್ತಿರುತ್ತದೆ.

ಬಡ್ಡಿ ಹೆಚ್ಚಿರುವ ಸಾಲವನ್ನು ಮೊದಲು ತೀರಿಸಬೇಕು, ಅಂದರೆ ಕಾರ್ಡು, ಆಮೇಲೆ ಒಡವೆ ಸಾಲ, ಕೊನೆಗೆ ಮನೆ ಸಾಲ ಎಂಬುದು ಲೆಕ್ಕಿಗರ ಮತ. ಇದರಲ್ಲಿ ದೋಷವಿಲ್ಲ, ಪಾಲಿಸುವವರೂ ಇಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಕೂರಬೇಕಾಗುತ್ತದೋ ಅವರ ಸಾಲ ಮೊದಲು ಎಂಬುದು ಲೋಕರೂಢಿ. ಭಾವಮೈದುನನ ಕೈಸಾಲಕ್ಕೆ ಬಡ್ಡಿಯಿಲ್ಲ, ಕಣ್ಣುಂಟು. ಅದು ತೀರುವವರೆಗೆ ಮಗುವಿನ ಈಜುಕೊಳದ ಫೋಟೊವನ್ನು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕತಕ್ಕದ್ದಲ್ಲ.

ಇನ್ನು, ಶಿಬಿರದ ಶುಲ್ಕವನ್ನು ಯಾವ ಬಾಬತ್ತಿನಲ್ಲಿ ಬರೆಯಬೇಕೆಂಬ ಪ್ರಶ್ನೆ. ಮನೆಯ ಲೆಕ್ಕದ ಪುಸ್ತಕಗಳೆಲ್ಲ ಅದನ್ನು ‘ಮಗುವಿನ ಪ್ರತಿಭೆ’ ಎಂದು ಬರೆದುಕೊಂಡಿವೆ. ಇದು ತಪ್ಪು. ಹೆಸರು ನೋಂದಾಯಿಸಲು ಬಂದ ಹೆತ್ತವರು ಏನು ಕಲಿಸುತ್ತೀರೆಂದು ಮೊದಲು ಕೇಳುವುದಿಲ್ಲ, ಎಷ್ಟು ಗಂಟೆಗೆ ಬಿಡುತ್ತೀರೆಂದು ಕೇಳುತ್ತಾರೆ. ನ್ಯಾಯಶಾಸ್ತ್ರದ ಕ್ರಮದಲ್ಲಿ ಹೇಳುವುದಾದರೆ, ಶುಲ್ಕವು ಸಾಲದ ಉಪಬಡ್ಡಿ ಎಂಬುದು ಪ್ರತಿಜ್ಞೆ. ಕಂತಿಗೆ ಎರಡು ಸಂಬಳ ಬೇಕು, ಎರಡು ಸಂಬಳಕ್ಕೆ ಇಬ್ಬರೂ ಮನೆ ಬಿಡಬೇಕು, ಇಬ್ಬರೂ ಮನೆ ಬಿಡಲು ಮಗುವೂ ಎಲ್ಲಿಗಾದರೂ ಹೊರಡಬೇಕು ಎಂಬುದು ಹೇತು. ಉದಾಹರಣೆಗೆ ಯಾವುದೇ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ ನಿಂತರೆ ಸಾಕು. ಶುಲ್ಕವನ್ನು ಕಂತಿನ ಪಕ್ಕದಲ್ಲೇ ಬರೆದುಕೊಂಡ ಮನೆ ತನ್ನ ಮನೆ ಸಾಲದ ನಿಜವಾದ ಬೆಲೆಯನ್ನು ಮೊದಲ ಬಾರಿಗೆ ಕಾಣುತ್ತದೆ. ಕಂಡವರು ಆ ಪುಟವನ್ನು ಮಡಿಚಿಡುವುದೇ ಹೆಚ್ಚು.

ಸರ್ಕಾರಿ ಮಾರ್ಗಗಳೂ ಇವೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನ, ಮೈಸೂರು ರಂಗಾಯಣದ ಚಿಣ್ಣರ ಮೇಳ ಈ ಪೈಕಿ ಪ್ರಸಿದ್ಧ. ವಿಶ್ವೇಶ್ವರಯ್ಯ ಮ್ಯೂಸಿಯಂ ಒಂದು ದಿನವನ್ನು ಸಲೀಸಾಗಿ ನುಂಗುತ್ತದೆ. ಖರ್ಚು ಒಳಗಿನ ಟಿಕೆಟ್ಟಿನದಲ್ಲ, ಹೊರಗಿನ ಐಸ್‌ಕ್ರೀಂ ಗಾಡಿಯದು.

ಅಜ್ಜಿಯ ಮನೆ ಪುಕ್ಕಟೆ ಎಂಬುದು ಹಳೆಯ ಭ್ರಮೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ತಾಯಿ, ಮಗಳಿಗೆ ಶೂನ್ಯ ಟಿಕೆಟ್. ಮಗನಿಗೆ ಹನ್ನೆರಡು ವರ್ಷದವರೆಗೆ ಅರ್ಧ ಟಿಕೆಟ್. ಈ ಕಾರಣಕ್ಕೆ ಕ್ರಿಕೆಟ್ ಶಿಬಿರದಲ್ಲಿ ಹದಿನಾಲ್ಕರ ತಂಡದಲ್ಲಿ ಆಡಿದ ಹುಡುಗ ಕಂಡಕ್ಟರ್ ಹತ್ತಿರ ಬಂದಾಗ ಹನ್ನೊಂದಕ್ಕೆ ಇಳಿಯುವುದುಂಟು. ಹೋಗುವಾಗ ಅಜ್ಜಿಗೊಂದು ಸೀರೆ, ಬರುವಾಗ ಸಂಡಿಗೆ, ಹಪ್ಪಳ, ಉಪ್ಪಿನಕಾಯಿ. ಇಲ್ಲಿಗೆ ಜಮಾ–ಖರ್ಚು ಹೆಚ್ಚುಕಡಿಮೆ ಸರಿಹೋಗುತ್ತದೆ. ಹೊರಡುವ ಹೊತ್ತಿಗೆ ಅಜ್ಜಿ ಮೊಮ್ಮಗನ ಜೇಬಿಗೆ ತುರುಕುವ ಐನೂರರ ನೋಟು ಮಾತ್ರ ಪ್ರತ್ಯೇಕ ಅಧ್ಯಯನಕ್ಕೆ ಅರ್ಹ. ಬಸ್ ಸ್ಟ್ಯಾಂಡ್ ತಲುಪುವುದರೊಳಗೆ ತಂದೆ ಅದನ್ನು ‘ಜೋಪಾನವಾಗಿಡಲು’ ಪಡೆದುಕೊಳ್ಳುತ್ತಾನೆ. ಬಡ್ಡಿಯಿಲ್ಲದ, ಅಡಮಾನವಿಲ್ಲದ ಈ ಋಣ ಮರುಪಾವತಿಯಾದದ್ದಕ್ಕೆ ಯಾವ ಮನೆಯಲ್ಲೂ ದಾಖಲೆಯಿಲ್ಲ.

ಉಳಿದದ್ದು ಸಮಾರೋಪ. ಕೊನೆಯ ದಿನ ಮಗು ನಾಟಕದಲ್ಲಿ ಮರವಾಗಿ ನಿಲ್ಲುತ್ತದೆ. ಮರದ ವೇಷದ ಬಾಡಿಗೆ, ಮೇಕಪ್ಪು, ಚೌಕಟ್ಟು ಹಾಕಿದ ಫೋಟೊ, ಇವಾವುವೂ ಶುಲ್ಕದಲ್ಲಿ ಸೇರಿರುವುದಿಲ್ಲ. ಇದನ್ನು ಅಕ್ಟೋಬರಿನ ದಸರಾ ರಜೆಗೆಂದು ಎತ್ತಿಟ್ಟ ಹಣದಿಂದ ತುಂಬಿಸುವುದು ವಾಡಿಕೆ. ದಸರೆಯ ಖರ್ಚನ್ನು ದೀಪಾವಳಿ ಬೋನಸ್ಸಿನಿಂದ ಸರಿದೂಗಿಸಲಾಗುತ್ತದೆ. ಬೋನಸ್ಸನ್ನು ನೆಚ್ಚಿಕೊಂಡು ಮೇ ಕೊನೆಯ ವಾರದಲ್ಲೇ ಯೂನಿಫಾರಂ ಮತ್ತು ಶೂ ಕೊಂಡಾಗಿರುತ್ತದೆ.