ಬಾಲಿ ಬೇಡ, ಬಾಳೆಹೊಳೆ ಸಾಕು

ಲಾರಿ ಟ್ಯೂಬಿಗೆ ಗಾಳಿ ತುಂಬಿಸಿ ಹೊಳೆಗೆ ಹಾರಿದರೆ ಹಿಂದೆಲ್ಲ ಬೆನ್ನಿಗೆ ಬಾಸುಂಡೆ ಖಾತ್ರಿಯಿತ್ತು. ಈಗ ಅದೇ ಕೆಲಸಕ್ಕೆ ಲೈಫ್ ಜಾಕೆಟ್ಟು, ಹೆಲ್ಮೆಟ್ಟು ತೊಡಿಸಿ, ಜೊತೆಗೊಬ್ಬ ಗೈಡನ್ನು ಕಳಿಸಿ, ಮರ್ಯಾದೆಯಿಂದ ದುಡ್ಡು ಇಸಿದುಕೊಳ್ಳುತ್ತಾರೆ. ಬೆಂಗಳೂರಿನ ಭಾವನಿಗೆ ಬಾಲಿ ದ್ವೀಪದಲ್ಲೇ ತೇಲಬೇಕೆಂಬ ಆಸೆ. ವಿಮಾನದ ದರ ನೋಡಿದ್ದೇ ತಡ, ಭದ್ರೆಯ ದಡದ ಬಾಳೆಹೊಳೆಯೂ ಚೆಂದ ಕಂಡಿತು.

"ಜುಲೈನಲ್ಲಿ ಹೋಗೋಣ ಮಾವ, ನೀರು ಜೋರಿರುತ್ತೆ."

"ಹಳೇ ಹೆಬ್ಬಾಳೆ ಸೇತುವೆ ಮುಳುಗಿ ಕಳಸ–ಹೊರನಾಡು ದಾರಿ ಬಂದಾಗ್ತಿದ್ದ ಕಾಲ ಅದು ಅಳಿಯಂದ್ರೇ. ಸೇತುವೇನೇ ಕಾಣದ ಕಡೆ ನಿಮ್ಮ ಟ್ಯೂಬು ಕಂಡೀತಾ?"

ಸರಿ, ಡಿಸೆಂಬರ್? ಅರೇಬಿಕಾ ಕೊಯ್ಲು; ತೋಟದ ಯಜಮಾನ ತೇಲುತ್ತಿದ್ದರೆ ಕಣದಲ್ಲಿ ಹಣ್ಣು ಹರಡುವವರು ಯಾರು? ಫೆಬ್ರವರಿಗೆ ರೊಬಸ್ಟಾ. ಆಮೇಲೆ ಹೂಮಳೆ ಬಂತೋ ಇಲ್ಲವೋ ಎಂದು ಆಕಾಶ ನೋಡುವ ಕೆಲಸ, ಬರದಿದ್ದರೆ ಸ್ಪ್ರಿಂಕ್ಲರು. ಏಪ್ರಿಲ್ ಹೊತ್ತಿಗೆ ಹೊಳೆಯಲ್ಲಿ ಬಂಡೆಗಳೇ ಜಾಸ್ತಿ, ಟ್ಯೂಬು ನಮ್ಮನ್ನಲ್ಲ, ನಾವೇ ಅದನ್ನು ಹೊತ್ತು ನಡೆಯಬೇಕು. ಕೊನೆಗೆ ಅಕ್ಟೋಬರ್ ಗಟ್ಟಿಯಾಯಿತು. (ಕಾಫಿ ಬೆಳೆಗಾರನ ಪಂಚಾಂಗದಲ್ಲಿ ಬಿಡುವು ಇಷ್ಟೇ.)

ಅಜ್ಜಿಗೆ ಇನ್ನೂ ಸಮಾಧಾನವಿಲ್ಲ. "ಕಳಸದ ಪಂಚತೀರ್ಥದಲ್ಲಿ ಮುಳುಗಿದ್ರೆ ಪುಣ್ಯವಾದ್ರೂ ಬರುತ್ತೆ, ದುಡ್ಡೂ ಕೇಳಲ್ಲ."

ಉಳಿದ ಚರ್ಚೆಯೆಲ್ಲ ಊಟದ್ದು: ಕಡುಬೋ, ಅಕ್ಕಿರೊಟ್ಟಿಯೋ, ಕೋಳಿಸಾರು ಎಷ್ಟು, ಇಂಬಳಕ್ಕೆ ಸುಣ್ಣ ಹೊತ್ತೊಯ್ಯುವವರು ಯಾರು. ಭಾವ ಫೋನು ಮಾಡಿ ಇಪ್ಪತ್ತು ಜನ ಎಂದದ್ದಕ್ಕೆ ಗೈಡು ಕೇಳಿದ: "ನೀರಿಗಿಳಿಯೋರಾ ಸಾರ್, ದಡದಲ್ಲಿ ಕೂತು ಉಣ್ಣೋರಾ?"